ಧ್ವನಿಮುದ್ರಣ ವಿದ್ಯೆಯೂ ಅದರ ಶಾಲೆಗಳೂ

ಬೀದರ ಜಿಲ್ಲೆಯ ಔರಾದ ಸೀಮೆಯಲ್ಲಿ ಎಕಂಬಾ ಎಂಬುದೊಂದು ಗ್ರಾಮ. ಅಲ್ಲಿಯ ಹುಡುಗನೊಬ್ಬನು ವಿಜ್ಞಾನದಲ್ಲಿ ಪಿ.ಯು. ಮುಗಿಸಿ, ತಾನು ಧ್ವನಿಮುದ್ರಣದ ಇಂಜನಿಯರನಾಗುವೆನೆಂದು ಮನೆಯಲ್ಲಿ ಹೇಳಿದನೆಂದು ಭಾವಿಸೋಣ. ತಂದೆಗೆ ಮೊದಲು ನೆನಪಾಗುವುದು 1980ರಲ್ಲಿ ಬೀದರದಲ್ಲಿ ಸ್ಥಾಪಿತವಾದ ಗುರುನಾನಕ ದೇವ ಇಂಜನಿಯರಿಂಗ್ ಕಾಲೇಜು, ಇಲ್ಲವೇ 1982ರಲ್ಲಿ ಭಾಲ್ಕಿಯಲ್ಲಿ ಹುಟ್ಟಿದ ಕಾಲೇಜು. ಹುಡುಗನ ಕಣ್ಣು ಬೆಂಗಳೂರು ಪುಣೆಗಳ ಮೇಲೆ. ಒಮ್ಮೆ ತಪ್ಪು ದಾರಿ ಹಿಡಿದರೆ, ಹೊಲ ಮಾರಿ ಮತ್ತೊಮ್ಮೆ ಓದಿಸುವ ಶಕ್ತಿ ಎಲ್ಲ ಮನೆಗಳಿಗೂ ಇಲ್ಲವಷ್ಟೆ. ಆದುದರಿಂದ ಈ ವಿದ್ಯೆ ನಡೆದುಬಂದ ದಾರಿಯನ್ನು ವಿಚಾರಿಸುವುದು ಯುಕ್ತ.

1902ರಲ್ಲಿ ಗ್ರಾಮಫೋನು ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಕಲ್ಕತ್ತೆಗೆ ಬಂದು ನಮ್ಮ ಗಾಯಕರ ಹಾಡುಗಳನ್ನು ಮುದ್ರಿಸಿದನು. ಈ ಕಸುಬಿಗೆಂದು ಆತನು ಓದಿದ ಕಾಲೇಜು ಯಾವುದೂ ಇರಲಿಲ್ಲ. ಆತನು ಪಿಯಾನೋ ಬಲ್ಲವನು. ಆಗ ವಿದ್ಯುತ್ತಿನ ಸಹಾಯವಿಲ್ಲ. ಹಾಡುವವನು ದೊಡ್ಡ ಕಹಳೆಯೊಳಗೆ ಹಾಡಬೇಕು; ಆ ಧ್ವನಿಯ ಬಲದಿಂದಲೇ ಸೂಜಿಯು ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಯಾರನ್ನು ಕಹಳೆಯ ಬಳಿ ನಿಲ್ಲಿಸಬೇಕು, ಯಾರನ್ನು ದೂರವಿಡಬೇಕು ಎಂಬ ತಿಳಿವಳಿಕೆಯೇ ಅಂದಿನ ಇಂಜನಿಯರಿಂಗು. 1925ರಲ್ಲಿ ಮೈಕ್ರೋಫೋನಿನ ಮೂಲಕ ತಟ್ಟೆ ಮುದ್ರಿಸುವ ಪದ್ಧತಿ ಬಳಕೆಗೆ ಬಂದ ಮೇಲೆ ವಿದ್ಯುತ್ ಶಾಸ್ತ್ರಜ್ಞನು ಈ ಕೋಣೆಯನ್ನು ಪ್ರವೇಶಿಸಿದನು. ಕಿವಿಯೊಬ್ಬನದು, ಯಂತ್ರವೊಬ್ಬನದು ಎಂಬಂತಾಯಿತು.

ಇವೆರಡನ್ನೂ ಒಬ್ಬನಲ್ಲಿಯೇ ಕೂಡಿಸಬೇಕೆಂದು 1946ರಲ್ಲಿ ಸಂಗೀತ ರಚಕ ಷೋನ್‌ಬರ್ಗ್ ಷಿಕಾಗೋ ವಿಶ್ವವಿದ್ಯಾನಿಲಯದ ಮುಖ್ಯಸ್ಥರಿಗೆ ಪತ್ರ ಬರೆದನು. 1949ರಲ್ಲಿ ಜರ್ಮನಿಯ ಡೆಟ್ಮೋಲ್ಡಿನಲ್ಲಿ ಎರಿಕ್ ಟೀನ್‌ಹೌಸ್ ಅಂಥ ಶಿಕ್ಷಣವನ್ನು ಆರಂಭಿಸಿದನು.

ನಮ್ಮ ನಾಡೂ ತೀರ ಹಿಂದೆ ಉಳಿಯಲಿಲ್ಲ. 1935ರಲ್ಲಿ ಮೈಸೂರಿನ ಆಕಾಶವಾಣಿಯನ್ನು 30 ವ್ಯಾಟಿನ ಪುಟ್ಟ ಯಂತ್ರದಿಂದ ಪ್ರಾರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಅಧ್ಯಾಪಕರು! 1943ರಲ್ಲಿ ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ತಲೆಯೆತ್ತಿದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯಲ್ಲಿ ಚಲನಚಿತ್ರದ ಛಾಯಾಗ್ರಹಣವೂ ಧ್ವನಿಮುದ್ರಣವೂ ಪಾಠದ ವಿಷಯಗಳಾಗಿ ಬೆಳೆದವು. ಅಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದ ವಿ. ಕೆ. ಮೂರ್ತಿಯವರು ಛಾಯಾಗ್ರಾಹಕರೆಂದು ಪ್ರಸಿದ್ಧರು, ಪಿಟೀಲನ್ನೂ ಬಲ್ಲವರಾಗಿದ್ದರು. ಆ ವಿಭಾಗಗಳು ಮುಂದೆ ಹೆಸರಘಟ್ಟಕ್ಕೆ ಹೋಗಿ, ಇಂದು ಸರ್ಕಾರೀ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಾಗಿವೆ. ಪುಣೆಯ ಫಿಲ್ಮ್ ಸಂಸ್ಥೆ 1960ರಲ್ಲಿ ಪ್ರಭಾತ ಸ್ಟುಡಿಯೋದ ಅಂಗಳದಲ್ಲಿ ಹುಟ್ಟಿತು. ಅಲ್ಲಿಯ ಧ್ವನಿವಿಭಾಗವು ಯಾವುದಾದರೊಂದು ಪದವಿಯನ್ನೂ ಪಿ.ಯು. ಮಟ್ಟದ ಭೌತಶಾಸ್ತ್ರವನ್ನೂ ಕೇಳುತ್ತದೆ. 2009ರಲ್ಲಿ ಆಸ್ಕರ್ ಪಡೆದ ರಸೂಲ್ ಪೂಕುಟ್ಟಿಯವರು ಭೌತಶಾಸ್ತ್ರದಲ್ಲಿ ಪದವೀಧರರಾದ ಮೇಲೆಯೇ ಈ ಸಂಸ್ಥೆಯನ್ನು ಸೇರಿದವರು.

ಹೀಗಿರಲು, ತಂದೆಮಕ್ಕಳ ವ್ಯಾಜ್ಯಕ್ಕೆ ಅಷ್ಟು ಕಾರಣವಿದ್ದಂತೆ ನಮಗೆ ತೋರುವುದಿಲ್ಲ. ಭಾಲ್ಕಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದರೆ ಪುಣೆಯ ಬಾಗಿಲು ಮುಚ್ಚುವುದಿಲ್ಲ. ಒಂದು ಸೆಕೆಂಡಿನ ಧ್ವನಿಯನ್ನು ಸಿ.ಡಿ.ಯಲ್ಲಿ 44,100 ಸಲ ಅಳೆದಿಡುವುದೇಕೆ ಎಂಬುದನ್ನು ಅಂಥ ಕಾಲೇಜಿನಲ್ಲಿ ಚೆನ್ನಾಗಿ ಕಲಿಯಬಹುದು. ಆದರೆ ಆ ಪದವಿಯೊಂದೇ ಸಾಕೆಂದು ಎಣಿಸುವುದು ತಪ್ಪು. ಅಲ್ಲಿ ಕಿವಿಗೆ ಪರೀಕ್ಷೆಯಿಲ್ಲ. ಕೆಲವೇ ತಿಂಗಳಲ್ಲಿ ಇಂಜನಿಯರನನ್ನಾಗಿ ಮಾಡುವೆವೆಂಬ ಜಾಹೀರಾತುಗಳನ್ನಂತೂ ನಾವು ನಂಬೆವು. ಯಾವ ಶಾಲೆಗೆ ಹೋದರೂ, ವಾರಕ್ಕೆ ಎಷ್ಟು ಗಂಟೆ ವಿದ್ಯಾರ್ಥಿಯ ಕೈಗೆ ಯಂತ್ರ ಕೊಡುವಿರಿ ಎಂದು ಶುಲ್ಕ ಕಟ್ಟುವ ಮೊದಲೇ ಕೇಳಬೇಕು.

ಕಿವಿಯ ಪಾಠಕ್ಕೆ ಹುಡುಗನು ಪುಣೆಯವರೆಗೆ ಕಾಯಬೇಕಾಗಿಲ್ಲ. ಕನ್ನಡ, ಮರಾಠಿ, ಉರ್ದುಗಳು ಬೆರೆತ ಆ ಗಡಿಸೀಮೆಯಲ್ಲಿ ತತ್ತ್ವಪದಗಳೂ ಮೊಹರಮಿನ ಹಾಡುಗಳೂ ಉಂಟು. ಅನೇಕ ಪದಗಳು ಮುದುಕರ ಕಂಠದಲ್ಲಿ ಮಾತ್ರ ಉಳಿದಿವೆ. ರಜೆಯಲ್ಲಿ ಊರಿಗೆ ಬಂದಾಗ ಒಂದು ಮೈಕನ್ನು ಹಿಡಿದು ಭಜನೆಯ ಮನೆಯಲ್ಲಿ ಕುಳಿತು, ತಾಳದ ಸದ್ದು ಹಾಡುವವನ ಮಾತನ್ನು ನುಂಗದಂತೆ ಅದನ್ನು ಎಲ್ಲಿಡಬೇಕೆಂದು ಆತನು ನೋಡಲಿ.