ನಾರ್ವೆಯ ನೆರವು ಕೊಲ್ಲಂ ಕಡಲಿಗೆ ಬಂದ ಬಗೆ

ಬಡತನ ಎಲ್ಲಿ ಹೆಚ್ಚೋ ಅಲ್ಲಿಗೆ ವಿದೇಶಿ ನೆರವು ಹರಿಯುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಪುಟ್ಟ ದೇಶಗಳ ಮಟ್ಟಿಗೆ ಇದು ಅರ್ಧ ಸತ್ಯ ಮಾತ್ರ. ಅವುಗಳ ಬೊಕ್ಕಸ ಚಿಕ್ಕದು. ಕೊಡುವುದನ್ನು ಒಂದೆರಡು ಕಡೆಗೇ ಕೊಡಬೇಕು. ಆ ಒಂದೆರಡು ಕಡೆಗಳ ಆಯ್ಕೆ ಹೇಗೆ ನಡೆಯುತ್ತದೆಂದು ತಿಳಿಯಲು ನಾರ್ವೆಯ ಮೊದಲ ನೆರವಿನ ಯೋಜನೆಯನ್ನು ನೋಡಬಹುದು. ಅದು ಬಂದದ್ದು ಭಾರತಕ್ಕೆ.

1952ರಲ್ಲಿ ನಾರ್ವೆಯ ಜನಸಂಖ್ಯೆ ಸುಮಾರು 33 ಲಕ್ಷ. ಜರ್ಮನರ ಹಿಡಿತದಿಂದ 1945ರಲ್ಲಷ್ಟೇ ಬಿಡುಗಡೆಯಾಗಿದ್ದ ಆ ದೇಶ ಅಮೆರಿಕದ ಮಾರ್ಷಲ್ ಯೋಜನೆಯ ಹಣದಿಂದ ಚೇತರಿಸಿಕೊಂಡಿತ್ತು. ಹೀಗೆ ತಾನೇ ಕೈಯೊಡ್ಡಿದ್ದ ದೇಶದ ಸಂಸತ್ತು ಆ ವರ್ಷ ಭಾರತಕ್ಕೆಂದು 1 ಕೋಟಿ ಕ್ರೋನರ್ ತೆಗೆದಿರಿಸಿತು.

ಇದರ ಹಿಂದೆ ಕನಿಕರವಷ್ಟೇ ಇರಲಿಲ್ಲ. 1949ರಲ್ಲಿ ನಾರ್ವೆ ನ್ಯಾಟೋ ಒಕ್ಕೂಟ ಸೇರಿತ್ತು. ಕೊರಿಯಾ ಯುದ್ಧ ಶುರುವಾದ ನಂತರ ರಕ್ಷಣಾ ವೆಚ್ಚ ಏರಿತು. ಆಳುತ್ತಿದ್ದ ಲೇಬರ್ ಪಕ್ಷದ ಎಡ ಬಣಕ್ಕೆ ಇದು ನುಂಗಲಾರದ ತುತ್ತು. ತಮ್ಮವರನ್ನು ಸಮಾಧಾನಪಡಿಸಲು ಪಕ್ಷದ ನಾಯಕರಿಗೆ ಶಾಂತಿಯ ಕೆಲಸವೊಂದು ಬೇಕಿತ್ತು. ಪ್ರಜಾಪ್ರಭುತ್ವವಾದಿಯೂ ಅಲಿಪ್ತವೂ ಆಗಿದ್ದ ನೆಹರೂ ಅವರ ಭಾರತ ಯಾರೂ ಆಕ್ಷೇಪಿಸದ ಆಯ್ಕೆ.

ಕುತೂಹಲದ ಸಂಗತಿಯೆಂದರೆ, ನಾರ್ವೆಗೆ ಭಾರತದಲ್ಲಿ ಹಳೆಯ ನಂಟು ಇದ್ದೇ ಇತ್ತು. ಲಾರ್ಸ್ ಸ್ಕ್ರೆಫ್ಸ್‌ರುಡ್ ಎಂಬ ನಾರ್ವೆಯ ಪಾದ್ರಿ 1867ರಿಂದ ಸಂತಾಲರ ನಡುವೆ ಕೆಲಸ ಮಾಡಿದ್ದರು. ಆದರೆ ಹಣ ಸಂತಾಲರ ಸೀಮೆಗೆ ಹೋಗಲಿಲ್ಲ, ತಿರುವಾಂಕೂರು-ಕೊಚ್ಚಿ ರಾಜ್ಯದ ಕಡಲತೀರಕ್ಕೆ ಬಂತು. ನಾರ್ವೆಯವರಿಗೆ ಚೆನ್ನಾಗಿ ಗೊತ್ತಿದ್ದ ಕಸುಬು ಮೀನುಗಾರಿಕೆ. ಅವರು ಕೊಡಬಲ್ಲದ್ದು ಏನೆಂಬುದೇ ನೆರವು ಎಲ್ಲಿಗೆ ಹೋಗಬೇಕೆಂಬುದನ್ನೂ ಬಹುಮಟ್ಟಿಗೆ ನಿರ್ಧರಿಸಿತು.

1952ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ, ಭಾರತ, ನಾರ್ವೆಗಳ ನಡುವೆ ಒಪ್ಪಂದವಾಯಿತು. ಮರುವರ್ಷ ಕೊಲ್ಲಂ ಬಳಿಯ ನೀಂಡಕರ, ಶಕ್ತಿಕುಳಂಗರಗಳಲ್ಲಿ ಕೆಲಸ ಶುರು. ಯಂತ್ರದೋಣಿ, ಮಂಜುಗಡ್ಡೆ ಕಾರ್ಖಾನೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲವೂ ಯೋಜನೆಯಲ್ಲಿದ್ದವು. ಬಡವರ ತಟ್ಟೆಗೆ ಹೆಚ್ಚು ಮೀನು ಬರಲಿ, ಬೆಸ್ತರ ಬದುಕು ಹಸನಾಗಲಿ ಎಂಬುದು ಉದ್ದೇಶ.

ಕೊನೆಗೆ ಗೆದ್ದದ್ದು ಸಿಗಡಿ! ಅಮೆರಿಕದ ಮಾರುಕಟ್ಟೆಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಸಿಗತೊಡಗಿತು. ಕಡಲ ತಳವನ್ನು ಗೋರುವ ಟ್ರಾಲ್ ಬಲೆಯ ದೋಣಿಗಳು ಹೆಚ್ಚಿದವು. ದುಡ್ಡು ಬಂತು, ನಿಜ. ಆದರೆ ಅದರ ದೊಡ್ಡ ಪಾಲು ದೋಣಿ ಕೊಳ್ಳಬಲ್ಲವರಿಗೆ ಮತ್ತು ರಫ್ತುದಾರರಿಗೆ ಸೇರಿತು. ನಾಡದೋಣಿಯವರ ಸಿಟ್ಟು ವರ್ಷಗಳ ಚಳವಳಿಯಾಗಿ ಬೆಳೆದು, 1988ರಲ್ಲಿ ಕೇರಳ ಸರ್ಕಾರ ಮಳೆಗಾಲದ ಟ್ರಾಲಿಂಗ್ ನಿಷೇಧಿಸಿತು. ಇದಕ್ಕೆಲ್ಲ ನಾರ್ವೆಯೊಂದನ್ನೇ ಹೊಣೆ ಮಾಡುವುದು ಅನ್ಯಾಯ. ಆದರೂ ದಾರಿ ತೆರೆದದ್ದು ಆ ಯೋಜನೆಯೇ.

ನಮ್ಮ ಕಾರವಾರಕ್ಕೂ ಇದರ ಗಾಳಿ ತಾಗಿತು. 1960ರ ದಶಕದಲ್ಲಿ ಯೋಜನೆ ಎರ್ನಾಕುಳಂಗೆ ವಿಸ್ತರಿಸಿದಾಗ ಕಣ್ಣೂರು, ಮಂಡಪಂಗಳ ಜತೆ ಕಾರವಾರವೂ ಸೇರಿತ್ತು. 1972ರಲ್ಲಿ ಯೋಜನೆ ಮುಗಿಯಿತು.

ನೆರೆಯ ಸ್ವೀಡನ್ನಿನದು ಬೇರೆ ದಾರಿ. ಅದರ ಮಿಷನರಿಗಳು 1860ರ ದಶಕದಲ್ಲೇ ಕೆಂಪು ಸಮುದ್ರದ ತೀರ ತಲುಪಿದ್ದರು. ಮುಂದೆ ಸ್ವೀಡನ್ ಮೊದಲು ನೆರವು ಕೊಟ್ಟ ದೇಶಗಳಲ್ಲಿ ಅದೇ ಭಾಗದ ಇಥಿಯೋಪಿಯಾ ಒಂದು. ಪಾದ್ರಿಗಳು ತುಳಿದ ಹಾದಿಯಲ್ಲೇ ಎಂಜಿನಿಯರುಗಳೂ ನಡೆದರು.

ಪಡೆಯುವವರಿಗೂ ಆಯ್ಕೆಯಿದೆ ಎಂಬುದನ್ನು ಭಾರತ 2003ರಲ್ಲಿ ತೋರಿಸಿತು. ಬೆರಳೆಣಿಕೆಯ ದೊಡ್ಡ ದಾನಿಗಳಿಂದ ಮಾತ್ರ ನೇರ ನೆರವು ಪಡೆಯುವುದಾಗಿ, ಉಳಿದ ಪುಟ್ಟ ದೇಶಗಳು ವಿಶ್ವಸಂಸ್ಥೆ ಇಲ್ಲವೇ ಸ್ವಯಂಸೇವಾ ಸಂಸ್ಥೆಗಳ ಮೂಲಕ ಕೊಡಲಿ ಎಂದು ಹೇಳಿತು. ಲೆಕ್ಕ ಇಡುವ, ಮಾತುಕತೆ ನಡೆಸುವ ಶ್ರಮಕ್ಕೆ ಹೋಲಿಸಿದರೆ ಬರುವ ಮೊತ್ತ ಅಲ್ಪ ಎಂಬ ಭಾವನೆ ದೆಹಲಿಯಲ್ಲಿತ್ತು.

ನಾರ್ವೆ ಮಾತ್ರ ಮತ್ತೆ ಬಂತು. 2006ರಲ್ಲಿ ಶಿಶುಮರಣ ತಗ್ಗಿಸುವ ಸಹಭಾಗಿತ್ವವೊಂದನ್ನು ಭಾರತದೊಂದಿಗೆ ಆರಂಭಿಸಿತು. ಈ ಬಾರಿ ಆರಿಸಿಕೊಂಡ ರಾಜ್ಯಗಳಲ್ಲಿ ಬಿಹಾರ, ಮಧ್ಯಪ್ರದೇಶ, ರಾಜಸ್ಥಾನಗಳಿದ್ದವು. ಈ ಮೂರಕ್ಕೂ ಕಡಲತೀರವಿಲ್ಲ.