ಓಲೆಗರಿಯಿಂದ ರಾಜ್ಯಶಾಸ್ತ್ರಕ್ಕೆ: ಆರ್. ಶಾಮಾಶಾಸ್ತ್ರಿಗಳ ವಿದ್ವತ್ ಜೀವನ

ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು (1868–1944) ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿರಲಿಲ್ಲ. ಅವರ ಹೆಸರು ಬೆಳೆದದ್ದು ಗ್ರಂಥಾಲಯದ ಕೆಲಸದಿಂದ. ಸಂಸ್ಕೃತ ಪಾಂಡಿತ್ಯದ ಜೊತೆಗೆ 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದಿದ್ದರು. ಎರಡೂ ಕೂಡಿದವರು ಆಗ ವಿರಳ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಪ್ರೋತ್ಸಾಹದಿಂದ ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿ ಸೇರಿದರು. ಹಳೆಯ ಓಲೆಗರಿಗಳನ್ನು ಓದಿ, ಗುರುತಿಸಿ, ಪಟ್ಟಿ ಮಾಡುವುದು ಅಲ್ಲಿನ ಕೆಲಸವಾಗಿತ್ತು.

ತಂಜಾವೂರು ಸೀಮೆಯ ಪಂಡಿತರೊಬ್ಬರು ಆ ಗ್ರಂಥಾಲಯಕ್ಕೆ ಒಪ್ಪಿಸಿದ ಕಟ್ಟೊಂದು ಶಾಸ್ತ್ರಿಗಳ ಕೈಸೇರಿತು. ಗ್ರಂಥ ಲಿಪಿಯ ಆ ಗರಿಗಳಲ್ಲಿ 15 ಅಧಿಕರಣ, 150 ಅಧ್ಯಾಯಗಳ ಅರ್ಥಶಾಸ್ತ್ರವಿತ್ತು. ಕಾಮಂದಕ, ದಂಡಿ ಮೊದಲಾದ ಹಳೆಯ ಸಂಸ್ಕೃತ ಲೇಖಕರು ಅದನ್ನು ಸ್ಮರಿಸಿದ್ದರೂ ಮೂಲಗ್ರಂಥ ಓದುಗರಿಂದ ಕಣ್ಮರೆಯಾಗಿತ್ತು. ಚೀನಾದಲ್ಲಿ ಪರಿಸ್ಥಿತಿ ತಿರುವುಮುರುವು. ಅಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳೇ ಶತಮಾನಗಳ ಕಾಲ ಅಧಿಕಾರಿಗಳ ಪರೀಕ್ಷೆಯ ಪಠ್ಯ. ಅವನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಆ ಪರೀಕ್ಷೆ ರದ್ದಾದದ್ದು 1905ರಲ್ಲಿ. ಶಾಸ್ತ್ರಿಗಳು ಅರ್ಥಶಾಸ್ತ್ರದ ಭಾಗಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸತೊಡಗಿದ್ದೂ ಅದೇ ವರ್ಷ.

ಸಂಸ್ಕೃತ ಮೂಲ 1909ರಲ್ಲಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರ ಪ್ರಸ್ತಾವನೆಯೊಂದಿಗೆ ಪೂರ್ಣ ಇಂಗ್ಲಿಷ್ ಅನುವಾದ 1915ರಲ್ಲಿ ಹೊರಬಂದವು. ಭಾರತೀಯರಿಗೆ ಮೋಕ್ಷಚಿಂತನೆ ಇತ್ತೇ ಹೊರತು ರಾಜ್ಯಚಿಂತನೆ ಇರಲಿಲ್ಲ ಎಂಬ ಮಾತು ಅಲ್ಲಿಂದ ಮುಂದೆ ನಿಲ್ಲಲಿಲ್ಲ. ಭೂಕಂದಾಯ, ಸುಂಕ, ಗಣಿ, ಗೂಢಚಾರರು, ನೆರೆರಾಜ್ಯದೊಡನೆ ಸಂಧಿ, ಎಲ್ಲಕ್ಕೂ ಅಲ್ಲಿ ನಿಯಮವಿತ್ತು. ಮುಂದಿನ ಪೀಳಿಗೆಯ ಇತಿಹಾಸಕಾರರು ಪ್ರಾಚೀನ ಭಾರತದ ಆಡಳಿತದ ಬಗ್ಗೆ ಬರೆದಾಗಲೆಲ್ಲ ಈ ಗ್ರಂಥದ ಆಸರೆ ಪಡೆದರು.

ಶಾಸ್ತ್ರಿಗಳು 1912ರಿಂದ ಕೆಲವು ವರ್ಷ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನ ಪ್ರಾಂಶುಪಾಲರಾಗಿದ್ದು, ಮತ್ತೆ ಮೈಸೂರಿನ ಗ್ರಂಥಾಲಯಕ್ಕೆ ಮರಳಿದರು. ಭಾರತೀಯ ರಾಜ್ಯವ್ಯವಸ್ಥೆಯ ವಿಕಾಸ ಕುರಿತು ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಅವರು ನೀಡಿದ ಉಪನ್ಯಾಸಗಳು 1920ರಲ್ಲಿ ಪುಸ್ತಕವಾದವು. ಸಂಪಾದಕರು ಸ್ವತಃ ಚಿಂತಕರಾಗಿ ನಿಂತದ್ದು ಇಲ್ಲಿ. ಅದೇ ವಿಶ್ವವಿದ್ಯಾನಿಲಯ ಅವರಿಗೆ ಡಾಕ್ಟರೇಟ್ ಕೊಟ್ಟಿತು. ಮಹಾಮಹೋಪಾಧ್ಯಾಯ ಬಿರುದೂ ಬಂತು. ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದು 1929ರಲ್ಲಿ ನಿವೃತ್ತರಾದರು.

ಅವರ ಮುದ್ರಣಕ್ಕೆ ಆಧಾರವಾದ ಪ್ರತಿಗಳು ತೀರ ಕಡಿಮೆ. ಹಾಗಾಗಿ ತಿರುವನಂತಪುರದ ಟಿ. ಗಣಪತಿಶಾಸ್ತ್ರಿ, ಆಮೇಲೆ 1960ರ ದಶಕದಲ್ಲಿ ಆರ್.ಪಿ. ಕಾಂಗ್ಲೆ ಪಾಠವನ್ನು ತಿದ್ದಿದರು. ಗ್ರಂಥ ಮೌರ್ಯ ಚಂದ್ರಗುಪ್ತನ ಕಾಲದ್ದೆಂಬ ಶಾಸ್ತ್ರಿಗಳ ನಿಲುವನ್ನು ಈಗ ಹೆಚ್ಚಿನ ವಿದ್ವಾಂಸರು ಹಾಗೆಯೇ ಒಪ್ಪುವುದಿಲ್ಲ. 1971ರಲ್ಲಿ ಇತಿಹಾಸಕಾರ ಥಾಮಸ್ ಟ್ರಾಟ್‌ಮನ್ ಗ್ರಂಥದ ಭಾಷಾಪ್ರಯೋಗಗಳನ್ನು ಎಣಿಸಿ, ಅದರಲ್ಲಿ ಒಬ್ಬರಿಗಿಂತ ಹೆಚ್ಚು ಲೇಖಕರ ಕೈ ಇದೆ ಎಂದು ವಾದಿಸಿದರು.