ಶರತ್ಕಾಲದ ಗೃಹಶುದ್ಧಿ ಮತ್ತು ಅಟ್ಟದ ಮೇಲಿನ ಗ್ರಂಥಸಂಪತ್ತು

ವರ್ಷಋತು ಕಳೆದು ಶರದೃತು ಕಾಲಿರಿಸುತ್ತಿದ್ದಂತೆ ಆಸ್ತಿಕರ ಮನೆಗಳಲ್ಲಿ ಗೃಹಶುದ್ಧಿಯ ಕಾರ್ಯ ಆರಂಭವಾಗುತ್ತದೆ. ಆಶ್ವಯುಜ ಶುಕ್ಲ ಪಾಡ್ಯದಂದು ನವರಾತ್ರಿ ಕೂಡುವುದರೊಳಗೆ ಜೇಡರ ಬಲೆ ಹೊಡೆದು, ಪಾತ್ರೆ-ಪಡಗಗಳನ್ನು ಬೆಳಗಿ, ಹಾಸಿಗೆ-ಹೊದಿಕೆಗಳನ್ನು ಬಿಸಿಲಿಗೆ ಹಾಕಿ, ಬೇಡವಾದುದನ್ನು ಹೊರಗೆ ಕಳುಹಿಸುವುದು ತಲೆತಲಾಂತರದಿಂದ ನಡೆದುಬಂದ ರೂಢಿ. ಈ ರೂಢಿಯಲ್ಲಿ ಗ್ರಂಥಗಳಿಗೆ ಒಂದು ವಿಶೇಷ ಸ್ಥಾನವಿತ್ತೆಂಬುದು ಇಂದು ಬಹುಮಟ್ಟಿಗೆ ಮರೆತುಹೋಗಿದೆ.

ಕಾಗದ ಬಳಕೆಗೆ ಬರುವ ಮೊದಲು ದಕ್ಷಿಣ ಭಾರತದಲ್ಲಿ ವಿದ್ಯೆಯ ಮುಖ್ಯ ಆಧಾರ ತಾಳೆಗರಿ. ಶ್ರೀತಾಳ ಹಾಗೂ ತಾಳೆ ಮರಗಳ ಗರಿಗಳನ್ನು ಹದಗೊಳಿಸಿ, ಒಂದೇ ಅಳತೆಗೆ ಕತ್ತರಿಸಿ, ಕಂಠದಿಂದ ಅಕ್ಷರಗಳನ್ನು ಕೊರೆದು, ಮಸಿ ಸವರಿ ಒರೆಸುತ್ತಿದ್ದರು. ಆಗ ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಂತು ಅಕ್ಷರಗಳು ಸ್ಪಷ್ಟವಾಗುತ್ತಿದ್ದವು. ಗರಿಗಳ ರಂಧ್ರಗಳಲ್ಲಿ ದಾರ ಪೋಣಿಸಿ, ಮೇಲೂ ಕೆಳಗೂ ಮರದ ಹಲಗೆಗಳನ್ನಿಟ್ಟು ಬಿಗಿದು ಕಟ್ಟಿ, ವಸ್ತ್ರದಲ್ಲಿ ಸುತ್ತಿಡುವುದು ಕ್ರಮ. ಇಂತಹ ಕಟ್ಟುಗಳಿಗೆ ಮಳೆಗಾಲದ ತೇವವೇ ದೊಡ್ಡ ಶತ್ರು. ತೇವದಿಂದ ಬೂಷ್ಟು ಹಿಡಿಯುತ್ತದೆ, ಗರಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹುಳಗಳು ಸೇರುತ್ತವೆ. ಆದುದರಿಂದಲೇ ಮಳೆ ನಿಂತು ಆಕಾಶ ತಿಳಿಯಾಗುವ ಶರತ್ಕಾಲವು ಗ್ರಂಥಗಳ ಕಟ್ಟು ಬಿಚ್ಚಲು ಯೋಗ್ಯವಾದ ಕಾಲವಾಗಿತ್ತು. ಗರಿಗಳನ್ನು ನೆರಳಿನಲ್ಲಿ ಆರಿಸಿ, ಮೃದುವಾದ ಬಟ್ಟೆಯಿಂದ ಒರೆಸಿ, ಮಜ್ಜಿಗೆಹುಲ್ಲಿನ ಎಣ್ಣೆಯನ್ನು ತೆಳುವಾಗಿ ಸವರಿ, ಬೇವಿನ ಎಲೆ ಅಥವಾ ಬಜೆಯ ತುಂಡುಗಳೊಡನೆ ಮತ್ತೆ ಕಟ್ಟಿಡುತ್ತಿದ್ದರು. ಅನೇಕ ಮನೆಗಳಲ್ಲಿ ಅಡುಗೆಮನೆಯ ಅಟ್ಟವೇ ಗ್ರಂಥಗಳ ಸ್ಥಾನವಾಗಿತ್ತು. ಒಲೆಯ ಹೊಗೆ ಹುಳಗಳನ್ನು ದೂರವಿಡುತ್ತಿತ್ತು. ಹಿರಿಯರು ಗ್ರಂಥಗಳನ್ನು ಅಟ್ಟಕ್ಕೇರಿಸಿದುದು ಅನಾದರದಿಂದಲ್ಲ, ರಕ್ಷಣೆಗಾಗಿ.

ಈ ವ್ಯವಸ್ಥೆಗೆ ಶಾಸ್ತ್ರದ ಬೆಂಬಲವೂ ಇತ್ತು. ನವರಾತ್ರಿಯಲ್ಲಿ ಮೂಲಾ ನಕ್ಷತ್ರದಂದು ಸರಸ್ವತಿಯನ್ನು ಗ್ರಂಥಗಳಲ್ಲಿ ಆವಾಹನೆ ಮಾಡಿ, ಪೂರ್ವಾಷಾಢದಲ್ಲಿ ಪೂಜಿಸಿ, ಶ್ರವಣದಲ್ಲಿ ವಿಸರ್ಜಿಸುವುದು ಸಂಪ್ರದಾಯ. ಆವಾಹನೆಗೆ ಮುನ್ನ ಮನೆಯ ಸಮಸ್ತ ಗ್ರಂಥಗಳೂ ಒಂದೆಡೆ ಕೂಡಬೇಕು. ಯಾವುದು ಇದೆ, ಯಾವುದು ಕಾಣೆಯಾಗಿದೆ, ಯಾವುದು ಜೀರ್ಣವಾಗಿದೆ ಎಂಬುದು ವರ್ಷಕ್ಕೊಮ್ಮೆಯಾದರೂ ಯಜಮಾನನಿಗೆ ತಾನಾಗಿ ತಿಳಿದುಬರುತ್ತಿತ್ತು. ಹುಬ್ಬಳ್ಳಿ, ಮೈಸೂರು, ಪೆರಂಬೂರುಗಳ ರೈಲ್ವೆ ಕಾರ್ಯಾಗಾರಗಳಲ್ಲಿ ಆಯುಧಪೂಜೆಗೆ ಮುನ್ನ ಯಂತ್ರಗಳನ್ನೂ ಉಪಕರಣಗಳನ್ನೂ ಒರೆಸಿ, ಎಣ್ಣೆ ಹಾಕಿ, ಸಾಲಾಗಿ ಜೋಡಿಸುವುದರ ಹಿಂದಿನ ತತ್ತ್ವವೂ ಇದೇ. ಪೂಜೆಯ ನೆಪದಲ್ಲಿ ಪರಿಶೀಲನೆ ನಡೆಯುತ್ತದೆ.

ಮಾಧ್ವ ಪರಂಪರೆಯಲ್ಲಿ ಗ್ರಂಥರಕ್ಷಣೆಯ ಪ್ರಶ್ನೆ ಆರಂಭದಿಂದಲೂ ಇದೆ. ಶ್ರೀಮದಾಚಾರ್ಯರ ಗ್ರಂಥಭಂಡಾರವನ್ನು ಪ್ರತಿಪಕ್ಷದವರು ಅಪಹರಿಸಿದುದು, ಅನಂತರ ಜಯಸಿಂಹ ರಾಜನ ಮೂಲಕ ಅದು ಮರಳಿ ದೊರೆತುದು ಶ್ರೀನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ದಿಂದ ಸುವಿದಿತವಾಗಿದೆ. ಆಚಾರ್ಯರ ಸಾಕ್ಷಾತ್ ಶಿಷ್ಯರೂ ಪಲಿಮಾರು ಮಠದ ಮೂಲಯತಿಗಳೂ ಆದ ಶ್ರೀಹೃಷೀಕೇಶತೀರ್ಥರು ಸರ್ವಮೂಲವನ್ನು ತಾಳೆಗರಿಗಳ ಮೇಲೆ ಬರೆದಿಟ್ಟರೆಂಬುದು ಪರಂಪರೆಯ ನಂಬಿಕೆ. ವಿದ್ಯಾವಾಚಸ್ಪತಿ ಬನ್ನಂಜೆ ಗೋವಿಂದಾಚಾರ್ಯರು (1936–2020) ಸರ್ವಮೂಲದ ಪಾಠಶೋಧನೆಗೆ ಆ ಪ್ರತಿಯನ್ನೇ ಮುಖ್ಯ ಆಧಾರವಾಗಿಟ್ಟುಕೊಂಡರು. ಆ ಮಠದ ಸರ್ವಮೂಲದ ಪ್ರಾಚೀನ ಗರಿಗಳು ಶಿಥಿಲವಾಗಿ ಪುಡಿಯಾಗತೊಡಗಿದಾಗ, ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪಿ. ಆರ್. ಮುಕುಂದ್ ಹಾಗೂ ರೋಜರ್ ಈಸ್ಟನ್ ಅವರು ಅತಿಗೆಂಪು ಕಿರಣಗಳ ಸಹಾಯದಿಂದ ಅವುಗಳ ಛಾಯಾಚಿತ್ರ ತೆಗೆದರು. 2006ರಲ್ಲಿ ಈ ಕಾರ್ಯ ಪ್ರಸಿದ್ಧಿಗೆ ಬಂದಿತು. ಕಣ್ಣಿಗೆ ಕಾಣದಷ್ಟು ಮಾಸಿದ್ದ ಅಕ್ಷರಗಳೂ ಓದಲು ದೊರೆತವು.

ಹಾಗಾದರೆ ಜೀರ್ಣವಾದ ಗ್ರಂಥಗಳನ್ನು ಹಿಂದಿನವರು ಏನು ಮಾಡುತ್ತಿದ್ದರು? ತಾಳೆಗರಿಯ ಆಯುಷ್ಯಕ್ಕೆ ಮಿತಿಯುಂಟು. ಗರಿಗಳು ಮುರಿಯತೊಡಗಿದಾಗ ಹೊಸ ಗರಿಗಳ ಮೇಲೆ ಪ್ರತಿ ಮಾಡಿಕೊಂಡು, ಹಳೆಯದನ್ನು ಗೌರವಪೂರ್ವಕವಾಗಿ ನದಿಯಲ್ಲಿ ವಿಸರ್ಜಿಸುತ್ತಿದ್ದರು. ಈ ಪದ್ಧತಿಯಲ್ಲಿ ಎರಡು ಭಾಗಗಳಿದ್ದವು: ಮೊದಲು ಪ್ರತಿ, ಆಮೇಲೆ ವಿಸರ್ಜನೆ. 19ನೆಯ ಶತಮಾನದಲ್ಲಿ ಮುದ್ರಣ ಹರಡಿದಂತೆ ಪ್ರತಿ ಮಾಡುವವರು ಕಡಿಮೆಯಾದರು, ಗರಿಯ ಅಕ್ಷರ ಓದಬಲ್ಲವರೂ ವಿರಳವಾದರು. ಆದರೆ ವಿಸರ್ಜನೆಯ ರೂಢಿ ಮಾತ್ರ ಉಳಿಯಿತು. ಅನರ್ಥ ಆರಂಭವಾದುದು ಇಲ್ಲಿಂದ.

ತಮಿಳಿನ ಮಹಾವಿದ್ವಾಂಸ ಉ. ವೇ. ಸ್ವಾಮಿನಾಥ ಅಯ್ಯರ್ (1855–1942) ಓಲೆಗಳನ್ನು ಅರಸುತ್ತ ಊರೂರು ಅಲೆದವರು. ಆಷಾಢದ ಪ್ರವಾಹಕಾಲದಲ್ಲಿ ಓಲೆಯ ಕಟ್ಟುಗಳನ್ನು ನದಿಗೆ ಬಿಡುತ್ತಿದ್ದುದನ್ನೂ, ಒಂದು ದೇವಾಲಯದಲ್ಲಿ ಹಳೆಯ ಓಲೆಗಳನ್ನು ಹೋಮಾಗ್ನಿಗೆ ಅರ್ಪಿಸಿದುದನ್ನೂ ಅವರು ಅತೀವ ದುಃಖದಿಂದ ಬರೆದಿಟ್ಟಿದ್ದಾರೆ. ಅರ್ಪಿಸಿದವರು ದುಷ್ಟರಲ್ಲ, ಭಕ್ತರೇ. ಅವರಿಗೆ ವಿಧಿಯ ಉತ್ತರಾರ್ಧ ಮಾತ್ರ ನೆನಪಿತ್ತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 1891ರಲ್ಲಿ ಸ್ಥಾಪನೆಗೊಂಡ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ತಾಳೆಗರಿ ಕಟ್ಟನ್ನು ತಂದೊಪ್ಪಿಸಿದರು. ಅದು ಕೌಟಿಲ್ಯನ ‘ಅರ್ಥಶಾಸ್ತ್ರ’ವೆಂದು 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿದರು. 1909ರಲ್ಲಿ ಅದು ಮುದ್ರಣಗೊಂಡಿತು. ಶತಮಾನಗಳ ಕಾಲ ಹೆಸರು ಮಾತ್ರ ಉಳಿದಿದ್ದ ಗ್ರಂಥವೊಂದು ಹೀಗೆ ಲೋಕಕ್ಕೆ ಮರಳಿತು. ಆ ಪಂಡಿತರು ಕಟ್ಟನ್ನು ನದಿಗೆ ಬಿಟ್ಟಿದ್ದರೆ?

ಹರಿದಾಸ ಸಾಹಿತ್ಯದ ಕಥೆಯೂ ಬೇರೆಯಲ್ಲ. 1850ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಅನಂತರ ಉಡುಪಿಯಲ್ಲಿ ಪಾವಂಜೆ ಗುರುರಾಯರು, ಲಿಂಗಸುಗೂರಿನಲ್ಲಿ ಗೊರೆಬಾಳ ಹನುಮಂತರಾಯರು ಪದಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಇಂತಹ ಸಂಗ್ರಹಕ್ಕೆ ಆಧಾರ ಭಜನೆಯ ಬಾಯಿಪಾಠ ಮತ್ತು ಮನೆಮನೆಯ ಕೈಬರಹದ ಪುಸ್ತಕ. ಹೆಳವನಕಟ್ಟೆ ಗಿರಿಯಮ್ಮ, ಹರಪನಹಳ್ಳಿ ಭೀಮವ್ವ ಮುಂತಾದವರ ಹಾಡುಗಳನ್ನು ಕಾಪಾಡಿಕೊಂಡು ಬಂದವರು ಪ್ರಾಯಶಃ ಮನೆಯ ಹೆಂಗಸರೇ. ಆರತಿಯ ಹಾಡು, ಸಂಪ್ರದಾಯದ ಹಾಡುಗಳ ಪುಸ್ತಕಕ್ಕೆ ರಟ್ಟಿಲ್ಲದಿರಬಹುದು, ಬರೆದವರ ಹೆಸರೂ ಇಲ್ಲದಿರಬಹುದು. ಆದರೆ ಅದರೊಳಗಿನ ಒಂದು ಪಾಠಾಂತರ ಬೇರೆಲ್ಲಿಯೂ ಸಿಗದಿರಬಹುದು.

ಉದ್ಯೋಗನಿಮಿತ್ತ ಮುಂಬಯಿ, ಪುಣೆ, ಚೆನ್ನೈಗಳಿಗೆ ಬಂದ ಕುಟುಂಬಗಳು ಊರಿನ ಮನೆ ಮಾರಿದಾಗ ಇಂತಹ ಗಂಟುಗಳನ್ನು ಟ್ರಂಕಿನಲ್ಲಿಟ್ಟು ತಂದವು. ಚಾಳಿನ ಎರಡು ಕೋಣೆಗಳಲ್ಲಿ ಜಾಗವೆಲ್ಲಿ? ಟ್ರಂಕು ಮಾಳಿಗೆ ಸೇರಿತು. ಅಲ್ಲಿ ಒಲೆಯ ಹೊಗೆಯೂ ಇಲ್ಲ, ವರ್ಷಕ್ಕೊಮ್ಮೆ ಬಿಚ್ಚುವ ಕೈಯೂ ಇಲ್ಲ. ಅಜ್ಜ ತೀರಿದ ಮೇಲೆ, ಲಿಪಿ ತಿಳಿಯದ ಮೂರನೆಯ ತಲೆಮಾರಿನವರು ದಸರೆ-ದೀಪಾವಳಿಯ ಸಮಯದಲ್ಲಿ ಆ ಗಂಟನ್ನು ರದ್ದಿಯವನ ತಕ್ಕಡಿಗೋ ಸಮುದ್ರಕ್ಕೋ ಒಪ್ಪಿಸುವ ಪ್ರಸಂಗ ಒದಗುತ್ತದೆ.

ಇದನ್ನು ತಪ್ಪಿಸುವುದು ಕಷ್ಟವಲ್ಲ. ಹೊರಗೆ ಹಾಕುವ ಮುನ್ನ ಓದಬಲ್ಲ ಒಬ್ಬರಿಗೆ ತೋರಿಸುವುದು, ಎಣ್ಣೆಗೂ ಬಿಸಿಲಿಗೂ ಅವಸರಪಡದಿರುವುದು, ಅಂಟಿದ ಗರಿಗಳನ್ನು ಬಲವಂತವಾಗಿ ಬಿಡಿಸದಿರುವುದು ಅವಶ್ಯ. ಮಠದ ವಿದ್ವಾಂಸರಲ್ಲದೆ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಪುಣೆಯ ಭಾಂಡಾರಕರ್ ಸಂಸ್ಥೆ (1917), ಚೆನ್ನೈಯ ಅಡಯಾರ್ ಗ್ರಂಥಾಲಯ (1886) ಮೊದಲಾದ ಹಸ್ತಪ್ರತಿ ಭಂಡಾರಗಳಿವೆ. ಕೈಯಲ್ಲಿರುವ ದೂರವಾಣಿಯಿಂದಲೇ ಪುಟಗಳ ಚಿತ್ರ ತೆಗೆಯಬಹುದು. ಹಿಂದಿನವರು ಕಂಠ ಹಿಡಿದು ತಿಂಗಳುಗಟ್ಟಲೆ ಮಾಡುತ್ತಿದ್ದ ಪ್ರತಿಯ ಕಾರ್ಯ ಈಗ ಒಂದು ಮಧ್ಯಾಹ್ನದ ಕೆಲಸ.

ನವರಾತ್ರಿಯ ಮರುದಿನವಾದ ವಿಜಯದಶಮಿಯೇ ಶ್ರೀಮಧ್ವಜಯಂತಿ. 37 ಗ್ರಂಥಗಳನ್ನು ಅನುಗ್ರಹಿಸಿದ ಗುರುಗಳ ಜಯಂತಿಗಾಗಿ ಮನೆ ಶುದ್ಧಗೊಳಿಸುವವರು ಮೊದಲು ಪ್ರತಿ, ಆಮೇಲೆ ವಿಸರ್ಜನೆ ಎಂಬ ಹಿರಿಯರ ಕ್ರಮವನ್ನು ಪೂರ್ಣವಾಗಿ ಪಾಲಿಸಿದರೆ, ಅದೇ ಯಥಾರ್ಥವಾದ ಸರಸ್ವತೀಪೂಜೆ.

॥ ಶ್ರೀಕೃಷ್ಣಾರ್ಪಣಮಸ್ತು ॥